ಮಾವಶಿ ಮತ್ತು ನಾಲ್ಕನೇ ಪ್ರಶ್ನೆ

ಶಾಂತಾ ಮಾವಶಿ ಎಂದೊಡನೆ ನನಗೆ ಮುಖಕ್ಕಿಂತ ಮೊದಲು ಅವರ ಪಾದಗಳು ನೆನಪಾಗುತ್ತವೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎಲ್ಲರೂ ಚಪ್ಪಲಿಯೋ ಬೂಟೋ ಮೆಟ್ಟಿ ಓಡಾಡುತ್ತಿದ್ದರೆ ಮಾವಶಿ ಮಾತ್ರ ಬರಿಗಾಲಲ್ಲಿರುತ್ತಿದ್ದರು. ಬೆಳಿಗ್ಗೆ ಬಂದವರೇ ನೀಲಿ ಪಟ್ಟಿಯ ಹವಾಯಿ ಚಪ್ಪಲಿಯನ್ನು ಬೆಂಚಿನ ಕೆಳಗೆ ತಳ್ಳಿ, ಬಾಗಿಲ ಪಕ್ಕದ ಒಂದು ಚೌಕ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಅದರ ಮೇಲೆ ನಿಂತುಬಿಡುತ್ತಿದ್ದರು. ಆರಿದ ಮೇಲೆ ಮತ್ತೆ ಒರೆಸುವುದು, ಮತ್ತೆ ನಿಲ್ಲುವುದು. ಉಳಿದ ನೆಲದ ಮೇಲೆ ಅವರಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ. ದುಡಿಯುವ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದೆಂಬ ಹಳೇ ಕಾಲದ ಮರ್ಯಾದೆ ಇದು ಎಂದು ನಾನು ತೀರ್ಮಾನಿಸಿಕೊಂಡೆ. ಮೆಚ್ಚಿ ಒಂದಿಬ್ಬರಿಗೆ ಹೇಳಿಯೂ ಬಂದೆ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಬೆಳಗಾವಿಯ ಆಸ್ಪತ್ರೆಗಳಲ್ಲಿ ನೆಲ ಒರೆಸುವ, ಹಾಸಿಗೆ ಬದಲಿಸುವ, ರೋಗಿಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವ ಆಯಾಗಳನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಶಾಂತಾ ಮಾವಶಿ ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಹಣೆಯಲ್ಲಿ ಹಸಿರು ಹಚ್ಚೆಯ ಚುಕ್ಕಿ, ಕಚ್ಚಿಕೊಂಡಂತೆ ಬಿಗಿದ ತುರುಬು. ಓದಿದ್ದು ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ. ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಹಾಗಾಗಿ ಕನ್ನಡದ ಯಾವ ಸಾಲನ್ನು ಓದಿದರೂ ಕೊನೆಗೆ ಊರು ತಲುಪಿದವರಂತೆ ಒಂದು ಕ್ಷಣ ನಿಂತು ಉಸಿರು ಬಿಡುತ್ತಿದ್ದರು.

ನಾನು ತುಮಕೂರಿನ ಕಡೆಯವಳು. ಮನಶ್ಶಾಸ್ತ್ರ ಓದಿ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿಕೊಂಡಿದ್ದೆ. ಹೆಸರು ಬೇಡ, ಆಸ್ಪತ್ರೆಯದ್ದಲ್ಲ ಈ ಕತೆ. ಹಿಂದವಾಡಿಯ ಒಂದು ಜೈನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಸೂರ್ಯ ಮುಳುಗುವುದರೊಳಗೆ ಆ ಮನೆಯ ಊಟ ಮುಗಿಯುತ್ತಿದ್ದುದರಿಂದ, ಸಂಜೆ ತಡವಾಗಿ ಬಂದರೆ ನನ್ನ ಪಾಲಿಗೆ ಬಾಳೆಹಣ್ಣೇ ಗತಿ.

ಹೊಟ್ಟೆಯ ತೊಂದರೆಯೆಂದು ಬರುವ ರೋಗಿಗಳಿಂದ ಹನ್ನೆರಡು ಪ್ರಶ್ನೆಗಳ ಒಂದು ಫಾರ್ಮು ತುಂಬಿಸುವುದು ನನ್ನ ಕೆಲಸ. ನೋವು ಎಷ್ಟಿದೆ ಎಂದು ಡಾಕ್ಟರು ಕೇಳುತ್ತಿದ್ದರು. ಆ ನೋವಿನ ಸಲುವಾಗಿ ಮನಸ್ಸು ಎಷ್ಟು ಒದ್ದಾಡುತ್ತಿದೆ ಎಂದು ಕೇಳುವುದು ನನ್ನ ಪಾಲಿಗೆ ಬಂದಿತ್ತು. ಒಂದೇ ತೆರನ ನೋವಿದ್ದರೂ ಒಬ್ಬರು ಅದನ್ನು ಮರೆತು ಹೊಲಕ್ಕೆ ಹೋಗುತ್ತಾರೆ, ಇನ್ನೊಬ್ಬರು ಅದನ್ನೇ ನೆನೆದು ಊಟ ಬಿಡುತ್ತಾರೆ. ಈ ಒದ್ದಾಟ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿಂಗಿನಲ್ಲೂ ಮೂಡುವುದಿಲ್ಲ. ಅದನ್ನು ರೋಗಿಯ ಬಾಯಿಂದಲೇ ಕೇಳಬೇಕು. ಪ್ರತಿ ಪ್ರಶ್ನೆಗೂ ಐದು ಚೌಕಗಳಿದ್ದವು: ಇಲ್ಲವೇ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಉತ್ತರ ರೋಗಿಯದೇ ಆಗಿರಬೇಕು. ಓದಲು ಬಾರದವರಿಗೆ ಅಚ್ಚಾದದ್ದನ್ನು ಅಚ್ಚಾದಂತೆಯೇ ಓದಿ ಹೇಳಬಹುದು, ಒಂದು ಮಾತು ಹೆಚ್ಚು ಕಡಿಮೆ ಮಾಡುವಂತಿಲ್ಲ.

ಫಾರ್ಮನ್ನು ಕನ್ನಡಕ್ಕೆ ತಂದವಳು ನಾನೇ. ಎರಡು ನಿಘಂಟು ಮುಂದಿಟ್ಟುಕೊಂಡು, ಒಂದೊಂದು ಪದಕ್ಕೂ ಅರ್ಧ ದಿನ ಕೂತು ಮಾಡಿದ ಕೆಲಸ. ಮೊದಲ ವಾರ ಅದನ್ನು ಓದಿ ಹೇಳಿದಾಗ ರೋಗಿಗಳು ನನ್ನನ್ನು ಆಕಾಶವಾಣಿ ಕೇಳುವಂತೆ ಕೇಳಿಸಿಕೊಂಡರು, ಗೌರವದಿಂದ, ಮರುಮಾತಿಲ್ಲದೆ. ಕೊನೆಗೆ, "ಎಷ್ಟು ಮಾರ್ಕ್ಸ್ ಬಿದ್ದಾವ್ರಿ?" ಎನ್ನುತ್ತಿದ್ದರು. ಹೆಚ್ಚು ಬಿದ್ದವರು ಖುಷಿಯಿಂದ ಹೋಗುತ್ತಿದ್ದರು.

ಇದನ್ನೆಲ್ಲ ಮಾವಶಿ ತಮ್ಮ ಒದ್ದೆ ಚೌಕದ ಮೇಲೆ ನಿಂತು ನೋಡುತ್ತಿದ್ದರು. ಎರಡನೇ ವಾರಕ್ಕೆ ನನಗೆ 'ಪ್ರಶ್ನಿ ಬಾಯಿ' ಎಂದು ಹೆಸರಿಟ್ಟರು; ಬಾಯಿ ಎಂದರೆ ಅಲ್ಲಿ ಅಮ್ಮಾವರು. ಮೂರನೇ ವಾರ ಕಾಕತಿಯ ಕಡೆಯಿಂದ ಗಂಡ ಹೆಂಡತಿ ಬಂದರು. ಹೆಂಡತಿಗೆ ಎರಡು ವರ್ಷದಿಂದ ಹೊಟ್ಟೆನೋವು, ಮಾಡಿದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು. ನಾನು ಹೆಂಡತಿಯನ್ನು ಕೇಳಿದರೆ ಗಂಡ ಉತ್ತರ ಕೊಡುತ್ತಿದ್ದ.

"ಹಂಗೇನಿಲ್ರಿ ಆಕಿಗೆ. ಸುಮ್ನ ಸೋಗು ಮಾಡ್ತಾಳ್ರಿ. ಇಲ್ಲ ಅಂತ ಬರಕೊಳ್ರಿ."

ಮಾವಶಿ ಒಳಗೆ ಬಂದರು. "ಅಣ್ಣಾರ, ಕೇಸ್ ಪೇಪರಿಂದು ಝೆರಾಕ್ಸ್ ಬೇಕಾಗೈತ್ರಿ. ಇಲ್ಲೇ ಗೇಟಿನಾಗ ಬ್ಯಾಡ, ಕಪ್ಪಗ ಬರತೈತಿ. ರಸ್ತಾ ದಾಟಿ ಹೋಗ್ರಿ. ಎರಡೂ ಬಾಜು ತೆಗಸ್ರಿ ಮತ್ತ."

ಯಾವ ಝೆರಾಕ್ಸೂ ಯಾರಿಗೂ ಬೇಕಿರಲಿಲ್ಲ. ಗಂಡ ಹೋದ. ಮಾವಶಿ ಆ ಹೆಂಗಸಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಈಗ ಹೇಳು ತಂಗಿ. ರೊಟ್ಟಿ ಬಡಿಯುವಾಗ ಹೊಟ್ಟಿದು ನೆನಪು ಬರತೈತೇನು?"

"ಬರತೈತ್ರಿ."

"ಭಾಂಡಿ ತಿಕ್ಕುವಾಗ?"

"ಆವಾಗೂ ಬರತೈತ್ರಿ."

"ಬಸ್ಸಿನಾಗ ಕಿಡಕಿ ಬಾಜೂಕ ಕುಂತಾಗ?"

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ಅಷ್ಟು ಹೊತ್ತು ನನ್ನ ಯಾವ ಪ್ರಶ್ನೆಗೂ ಯಾರೂ ಯೋಚಿಸಿರಲಿಲ್ಲ. "ಆವಾಗ ಇಲ್ರಿ," ಎಂದಳು.

ಮಾವಶಿ ನನ್ನ ಕಡೆ ತಿರುಗಿದರು. "'ಆಗಾಗ' ಅಂತ ಹಾಕ್ರಿ ಬಾಯಿ. 'ಯಾವಾಗಲೂ' ಅಲ್ಲ. ಕಿಡಕಿ ಬಿಟ್ಟೈತಿ."

ನಾನು 'ಆಗಾಗ'ಕ್ಕೆ ಗುರುತು ಹಾಕಿದೆ. ಅದು ಸರಿಯಾದ ಉತ್ತರವೆಂದು ನನಗೆ ಒಳಗೇ ಗೊತ್ತಾಗಿತ್ತು. ಅದು ನಿಯಮಕ್ಕೆ ವಿರುದ್ಧವೆಂದೂ ಗೊತ್ತಿತ್ತು. ಆದರೂ ತಿಂಗಳು ತುಂಬುವುದರೊಳಗೆ, "ಮಾವಶಿ, ನೀವೇ ಓದಿಬಿಡಿ," ಎಂದು ಫಾರ್ಮುಗಳನ್ನು ಅವರ ಕೈಗೇ ಕೊಡತೊಡಗಿದೆ. ಅವರು ಓದಿದ ಫಾರ್ಮಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ಮಾ' ಎಂದು ಬರೆದಿಡುತ್ತಿದ್ದೆ. ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯಲ್ಲಿ ಆ ದಿನಗಳಲ್ಲಿ ಸದಾ ನಾಲ್ಕಾರು ಗಂಡಂದಿರು, ಒಬ್ಬಿಬ್ಬರು ಅತ್ತೆಯರು ಕಾಯುತ್ತಿರುತ್ತಿದ್ದರು. ನಮ್ಮ ಕಪಾಟಿನಲ್ಲಿ ಯಾರಿಗೂ ಬೇಡದ ಪ್ರತಿಗಳು ಗಂಟು ಗಂಟಾಗಿ ಬಿದ್ದಿದ್ದವು.

ಮಾವಶಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಖಾನಾಪುರದವರಿಗೆ ಅದೇನೂ ದೊಡ್ಡ ಮಾತಲ್ಲ. ರೋಗಿ ಬಾಗಿಲು ದಾಟುವಾಗಲೇ ಯಾವ ಭಾಷೆಯೆಂದು ಅವರಿಗೆ ತಿಳಿದಿರುತ್ತಿತ್ತು. "ಹೆಂಗೆ ಗೊತ್ತಾಗತ್ತೆ ನಿಮಗೆ?" ಎಂದು ಒಮ್ಮೆ ಕೇಳಿದೆ. "ಕೆಮ್ಮುವಾಗ ಗೊತ್ತಾಗತೈತಿ," ಎಂದರು. ಅದು ಚೇಷ್ಟೆಯೋ ನಿಜವೋ ಈಗಲೂ ತಿಳಿಯದು.

ರೋಗಿಗಳನ್ನು ಕಳಿಸುವಾಗ ಅವರ ಬಾಯಲ್ಲಿ ಒಂದೇ ಮಾತು. ಕನ್ನಡದವರಿಗೆ "ಕಾಳಜಿ ತೊಗೊ, ಕಾಳಜಿ ಮಾಡಬ್ಯಾಡ." ಮರಾಠಿಯವರಿಗೆ ಅದೇ ಮಾತು ಮರಾಠಿಯಲ್ಲಿ. ನನಗೆ ಇದು ವಿಚಿತ್ರವಾಗಿ ಕೇಳುತ್ತಿತ್ತು.

"ಒಂದು ಬಾಯಲ್ಲಿ ತಗೋ ಅಂತೀರಿ, ಇನ್ನೊಂದು ಬಾಯಲ್ಲಿ ಮಾಡಬೇಡ ಅಂತೀರಿ. ಪಾಪ, ಅವರು ಯಾವುದನ್ನು ಕೇಳಬೇಕು?" ಎಂದು ಕಾಲೆಳೆದೆ.

ಮಾವಶಿ ನನ್ನನ್ನು ಕನಿಕರದಿಂದ ನೋಡಿದರು. "ತೊಗೊಳ್ಳೂದು ಬ್ಯಾರೆ, ಮಾಡೂದು ಬ್ಯಾರೆ. ಹೊತ್ತಿಗೆ ಸರಿಯಾಗಿ ಉಂಡು ಗುಳಿಗಿ ನುಂಗಿದ್ರ ಅದು ತೊಗೊಳ್ಳೂದು. ಉಣ್ಣಲಾರದ ಹಣಿ ಮ್ಯಾಲ ಕೈ ಇಟ್ಕೊಂಡು ಕುಂತ್ರ ಅದು ಮಾಡೂದು. ನಿಮ್ಮ ಕಡೆ ಎರಡೂ ಒಂದ ಏನು?"

ನಕ್ಕೆ. ಕೇಳಿದ್ದನ್ನು ಅಲ್ಲಿಯೇ ಬಿಟ್ಟೆ. ನನ್ನ ಫಾರ್ಮಿನ ನಾಲ್ಕನೇ ಪ್ರಶ್ನೆಯಲ್ಲಿ ಅದೇ ಪದ ಕೂತಿದೆಯೆಂಬುದು ಆಗ ಹೊಳೆಯಲಿಲ್ಲ. 'ಚಿಂತೆ' ಎಂದು ಬರೆಯಬೇಕಾದ ಕಡೆ, ಇಲ್ಲಿಯ ಜನ ಚಿಂತೆಗೆ ಕಾಳಜಿ ಎನ್ನುತ್ತಾರೆಂದು ಯಾರಿಂದಲೋ ಕೇಳಿ, ಊರಿನ ಮಾತು ಹಾಕಿದೆನೆಂಬ ಹೆಮ್ಮೆಯಿಂದ ಬರೆದಿದ್ದೆ: 'ನಿಮ್ಮ ಹೊಟ್ಟೆಯ ತೊಂದರೆಯ ಬಗ್ಗೆ ಕಾಳಜಿ ಇರುತ್ತದೆಯೇ?'

ಒಂಬತ್ತು ಹತ್ತು ತಿಂಗಳು ಹೀಗೆ ನಡೆಯಿತು. ಒಂದು ಮಧ್ಯಾಹ್ನ ನನ್ನ ಪ್ರೊಫೆಸರ್ ಮೇಡಂ ಕರೆಸಿದರು. ಅವರು ಧಾರವಾಡದಲ್ಲಿ ಓದಿ ಬೆಳಗಾವಿಯಲ್ಲೇ ನೆಲೆಸಿದವರು, ಒಳ್ಳೆಯವರು, ದನಿಯೇರಿಸಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಮೇಜಿನ ಮೇಲೆ ಫಾರ್ಮುಗಳ ಎರಡು ರಾಶಿ ಇದ್ದವು. 'ಮಾ' ಇದ್ದವು ಒಂದು ಕಡೆ, ಇಲ್ಲದವು ಒಂದು ಕಡೆ.

"ಇವೆರಡು ಬ್ಯಾರೆ ಬ್ಯಾರೆ ಊರಿನ ಮಂದಿ ತುಂಬಿದಂಗ ಅದಾವ," ಎಂದರು. "ನಾಲ್ಕನೇದಂತೂ ಪೂರಾ ಉಲ್ಟಾ. ಮಾವಶಿ ಪ್ರಶ್ನಿ ಬದಲಿಸಿ ಓದ್ತಾರಂತ ಸಿಸ್ಟರ್ ಹೇಳಿದ್ರು. ನಿನಗ ಗೊತ್ತಿತ್ತೇನು?"

ನನ್ನ ಕೆಲಸ ಒಂದು ವರ್ಷದ್ದು. ಮುಂದುವರಿಸುವ ಕಾಗದ ಆ ತಿಂಗಳೇ ಸಹಿಯಾಗಬೇಕಿತ್ತು. ಬಾಗಿಲು ಅರ್ಧ ತೆರೆದಿತ್ತು. ಆಚೆ ಯಾರಿದ್ದಾರೆಂದು ನಾನು ನೋಡಲಿಲ್ಲ.

"ಇಲ್ಲ ಮೇಡಂ. ನಾನು ಫಾರ್ಮು ಕೊಟ್ಟು ಬೇರೆ ರೋಗಿಗಳ ಹತ್ತಿರ ಹೋಗಿರುತ್ತಿದ್ದೆ. ಅವರು ಹೇಗೆ ಓದುತ್ತಾರೆ ಅಂತ ನನಗೆ ಗೊತ್ತಾಗಲಿಲ್ಲ."

ಇಷ್ಟೇ ನಾನು ಹೇಳಿದ ಸುಳ್ಳು. ಮೇಡಂ ಅದನ್ನು ನಂಬಿದರು. 'ಮಾ' ರಾಶಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಪಕ್ಕಕ್ಕಿಟ್ಟರು. ಅವರದು ತಪ್ಪಲ್ಲ, ನಿಯಮ ಇದ್ದದ್ದೇ ಹಾಗೆ. ಮಾವಶಿ ಇನ್ನು ಕಾಗದ ಮುಟ್ಟಬಾರದೆಂದು ಮೇಲಿನವರಿಗೆ ಹೇಳಿದರು. ಮೇಲಿನವರು ಒಂದು ಹೆಜ್ಜೆ ಮುಂದೆ ಹೋಗಿ ಮಾವಶಿಯನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಆ ಸಂಜೆ ಮಾವಶಿ ಬೆಂಚಿನ ಕೆಳಗಿನಿಂದ ಚಪ್ಪಲಿ ಎಳೆದು ಮೆಟ್ಟಿಕೊಂಡು ನನ್ನ ಮುಂದೆಯೇ ಹೋದರು. ರೋಗಿಗಳು ಇನ್ನೂ ಕೂತಿರುವಾಗಲೇ ಅವರು ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬರ್ತೀನ್ರಿ ಬಾಯಿ," ಎಂದರು. ನಾನು ಕಾಗದ ಜೋಡಿಸುವ ನೆವ ಮಾಡಿ ತಲೆಯಾಡಿಸಿದೆ.

ಬಟ್ಟೆಯ ವಿಭಾಗ ಹಿಂದಿನ ಕಟ್ಟಡದಲ್ಲಿತ್ತು. ಅಲ್ಲಿಗೆ ಹೋಗಿ ಮಾತಾಡಿಸಬೇಕೆಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಹೋಗಲಿಲ್ಲ.

ಅನಂತರ ಫಾರ್ಮುಗಳನ್ನು ನಾನೇ ಓದಿದೆ, ಅಚ್ಚಾದಂತೆಯೇ. ನಿವೃತ್ತ ಮಾಸ್ತರರೊಬ್ಬರು ಬಂದರು, ಊಟವಾದ ಮೇಲೆ ತೇಗು ಜಾಸ್ತಿಯೆಂದು. ನಾಲ್ಕನೇ ಪ್ರಶ್ನೆಗೆ ಎದೆಯುಬ್ಬಿಸಿ, "ಕಾಳಜಿ ಏನ್ರಿ, ಭಾಳ ಐತ್ರಿ. ದಿನಾ ಮುಂಜಾನೆ ವಾಕಿಂಗ್ ಹೋಗ್ತೀನಿ, ಖಾರಾ ಬಿಟ್ಟೀನಿ," ಎಂದು 'ಯಾವಾಗಲೂ' ಚೌಕಕ್ಕೆ ಗುರುತು ಹಾಕಿದರು. ಅವರ ಹಿಂದೆಯೇ ಒಬ್ಬ ಹೆಂಗಸು ಬಂದಳು. ನೋವಿನಿಂದ ಅವಳ ಮುಖ ಬಾಡಿಹೋಗಿತ್ತು. ಅದೇ ಪ್ರಶ್ನೆಗೆ ಅವಳು 'ಇಲ್ಲವೇ ಇಲ್ಲ' ಎಂದಳು. ನಿಯಮ ಮೀರಿ ಯಾಕೆ ಎಂದು ಕೇಳಿದೆ.

"ಯಾರಿಗೈತ್ರಿ ಕಾಳಜಿ?" ಎಂದಳು ಅವಳು. "ಗಂಡಗಿಲ್ಲ, ಅತ್ತಿಗಿಲ್ಲ. ಬರೀರಿ, ಇಲ್ಲವೇ ಇಲ್ಲ."

ನಾನು ಪೆನ್ನು ಕೆಳಗಿಟ್ಟೆ. ನಾನು ಕೇಳಿದ್ದು ಅವಳ ಮನಸ್ಸಿನ ಚಿಂತೆಯನ್ನು. ಅವಳಿಗೆ ಕೇಳಿಸಿದ್ದು ನಿನ್ನನ್ನು ಯಾರಾದರೂ ನೋಡಿಕೊಳ್ಳುತ್ತಾರೆಯೇ ಎಂದು. ಮಾಸ್ತರರಿಗೆ ಕೇಳಿಸಿದ್ದು ನಿಮ್ಮನ್ನು ನೀವು ನೋಡಿಕೊಳ್ಳುತ್ತೀರಾ ಎಂದು. ಕಾಳಜಿ ಯಾರದ್ದು, ಮಾಡುವುದೋ ತೆಗೆದುಕೊಳ್ಳುವುದೋ ಎಂಬುದನ್ನೇ ನಾನು ಬರೆದಿರಲಿಲ್ಲ. ಹಾಗಾಗಿ ಒದ್ದಾಡುವವರಿಗೆ ಸೊನ್ನೆ ಬಿದ್ದು ವಾಕಿಂಗ್ ಹೋಗುವವರಿಗೆ ನಾಲ್ಕು ಬಿದ್ದಿತ್ತು. ಮಾವಶಿ ಅದನ್ನು "ಹೊಟ್ಟಿದು ಕಾಳಜಿ ಮಾಡ್ತೀಯೇನು?" ಎಂದು ಒಂದೇ ಮಾತಿನಿಂದ ಸರಿಮಾಡಿ ಓದುತ್ತಿದ್ದರು. ಮೇಡಂ ಪಕ್ಕಕ್ಕಿಟ್ಟ ರಾಶಿಯೇ ಸರಿಯಾದ ರಾಶಿ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಪ್ರಶ್ನೆ ತಪ್ಪಾಗಿದೆಯೆಂದು ಮೇಡಂಗೆ ಹೇಳಿದೆ. ಅಷ್ಟನ್ನು ಮಾತ್ರ ಹೇಳಿದೆ. ಅವರು ಓದಿ ನೋಡಿ ಹಣೆ ಒತ್ತಿಕೊಂಡರು. "ನೀ ತರ್ಜುಮೆ ಮಾಡಿದಿ, ನಾ ಇಂಗ್ಲಿಷ್ ಅಷ್ಟ ನೋಡಿ ಸಹಿ ಮಾಡಿದೆ. ಇಬ್ಬರೂ ನಪಾಸ್," ಎಂದು ನಕ್ಕರು. ಫಾರ್ಮನ್ನು ಹೊಸದಾಗಿ ಬರೆದೆವು. ರೊಟ್ಟಿ ಬಡಿಯುವಾಗ, ಭಾಂಡಿ ತಿಕ್ಕುವಾಗ, ಬಸ್ಸಿನಲ್ಲಿ ಕೂತಾಗ ಎಂಬುವೆಲ್ಲ ಅದರೊಳಗೆ ಬಂದವು. ನಾಲ್ಕನೆಯದು 'ಕಾಳಜಿ ಮಾಡ್ತೀರಾ' ಎಂದಾಯಿತು. ಆ ಹೆಂಗಸಿನ ಉತ್ತರವನ್ನು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ತೀರ ಕೆಳಗೆ, ಅಂಕವಿಲ್ಲದ ಒಂದು ಸಾಲು ಸೇರಿಸಲು ಮೇಡಂ ಒಪ್ಪಿದರು: 'ನಿಮ್ಮ ಕಾಳಜಿ ಯಾರು ತೊಗೊತಾರ?' ಅದರ ಮುಂದೆ ಚೌಕಗಳಿಲ್ಲ, ಹೆಸರು ಬರೆಯಲು ಒಂದು ಗೆರೆ.

"ಮಾವಶಿಗೊಮ್ಮೆ ಓದಿ ತೋರಸು. ಅಚ್ಚಿಗೆ ಆಮ್ಯಾಲೆ ಕೊಡೂಣು," ಎಂದರು ಮೇಡಂ. ಬಟ್ಟೆಯ ವಿಭಾಗಕ್ಕೆ ಹೋದರೆ, ಮಾವಶಿ ಕೆಲಸ ಬಿಟ್ಟು ತಿಂಗಳ ಮೇಲಾಯಿತು ಎಂದರು. ಅಲ್ಲಿ ಉಗಿಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ನೆಲವೂ ಬೆಚ್ಚಗಿತ್ತು.

ಆ ಭಾನುವಾರ ಖಾನಾಪುರಕ್ಕೆ ಹೋದೆ. ಮಾವಶಿ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆ ತುಂಬ ಜನ, ಟಿವಿಯ ಗದ್ದಲ, ಒಲೆಯ ಮೇಲೆ ಮೀನಿನ ಸಾರು. ಮಾವಶಿಯ ವೈನಿ, ಎಂದರೆ ಅಣ್ಣನ ಹೆಂಡತಿ, "ಹಿಂದ ಅದಾಳ ನೋಡ್ರಿ, ಆಕೀದು ಅದ ಜಾಗಾ," ಎಂದು ಹಿತ್ತಿಲ ಬಾಗಿಲು ತೋರಿಸಿದರು.

ಮಾವಶಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಎರಡೂ ಪಾದಗಳು ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲಿದ್ದವು.

"ಪ್ರಶ್ನಿ ಬಾಯಿ!" ಎಂದು ಮುಖ ಅರಳಿಸಿದರು. "ಬರ್ರಿ, ಕುಂದರ್ರಿ. ನಾ ಏಳೂದಿಲ್ಲ, ಸಿಟ್ಟಾಗಬ್ಯಾಡ್ರಿ."

"ಕಾಲಿಗೇನಾಯಿತು ಮಾವಶಿ?"

"ಏನಾಗಿಲ್ಲ, ಹೊಸಾದಲ್ಲ ಇದು. ಹತ್ತು ಹನ್ನೆರಡು ವರ್ಷಾತು, ಅಂಗಾಲು ಉರೀತಾವ. ಕೆಂಡದ ಮ್ಯಾಲ ನಿಂತಂಗ. ಆ ನಿಮ್ಮ ಓಪೀಡಿ ಫರಶಿ ನೆಲಾ ತಂಪಿತ್ತು ನೋಡ್ರಿ, ಒರೆಸಿಕೋತ ದಿನಾ ದೂಡ್ತಿದ್ದೆ. ಬಟ್ಟೀ ಕಡೆ ಹಾಕಿದ ಮ್ಯಾಲ ನೀಗಲಿಲ್ಲ."

ಅವರು ಇದನ್ನು ಯಾವ ಆರೋಪವೂ ಇಲ್ಲದೆ, ಬಸ್ಸು ತಡವಾಯಿತು ಎನ್ನುವಂತೆ ಹೇಳಿದರು. ಊರಿನವರ ನೋವನ್ನೆಲ್ಲ ಕಾಗದದಲ್ಲಿ ಕೇಳುತ್ತ ಕೂತವಳು, ನನ್ನ ಕಣ್ಣೆದುರಿಗೇ ದಿನಕ್ಕೆ ಹತ್ತು ಸಲ ನೆಲ ಒರೆಸಿ ನಿಲ್ಲುತ್ತಿದ್ದ ಹೆಂಗಸನ್ನು ಒಮ್ಮೆಯೂ ಏನೆಂದು ಕೇಳಿರಲಿಲ್ಲ. ಮರ್ಯಾದೆಯೆಂದು ಹೊಗಳಿಕೊಂಡು ತಿರುಗಿದ್ದೆ. ಅವರನ್ನು ಆ ತಂಪು ನೆಲದಿಂದ ಎಬ್ಬಿಸಿದ್ದೂ ನಾನೇ.

"ಮಾವಶಿ, ಅವತ್ತು ಮೇಡಂ ಹತ್ತಿರ ನಾನು ಸು..."

"ಗೊತ್ತೈತಿ," ಎಂದರು. "ಬಾಗಲಾ ಅರ್ಧಾ ತೆರದಿತ್ತಲ್ಲ. ನೆಲಾ ಒರಸಾಕತ್ತಿದ್ದೆ."

ಮಾವಶಿ ಟಬ್ಬಿನ ನೀರನ್ನು ಕಾಲಿನಿಂದಲೇ ಕದಡಿದರು. ಅಲ್ಲಿಂದ ಮುಂದೆ ಅವರು ನನ್ನನ್ನು ಬಹುವಚನದಲ್ಲಿ ಕರೆಯಲಿಲ್ಲ, ಮರಾಠಿಯಲ್ಲಿ ಮಗುವನ್ನು ಕರೆಯುವಂತೆ ಬಾಳಾ ಎಂದರು.

"ಬಾಳಾ, ಸಿಟ್ಟು ಬಂದಿತ್ತು, ಸುಳ್ಳ ಯಾಕ ಹೇಳಲಿ. ಎರಡ ದಿನ ಬಂದಿತ್ತು. ಆಮ್ಯಾಲೆ ಅನಿಸಿತು, ಆವತ್ತ ನಿನ್ನ ದನಿ ಭಾಳ ಸಣ್ಣ ಆಗಿತ್ತು. ಅಷ್ಟ ಸಣ್ಣ ದನಿ ಮ್ಯಾಲ ಏನಂತ ಸಿಟ್ಟಾಗೂದು?"

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಚೀಲದಲ್ಲಿದ್ದ ಹೊಸ ಫಾರ್ಮನ್ನು ನೋಡಿ, "ಅದೇನದು, ಓದು," ಎಂದರು.

ಹೊಟ್ಟೆಯ ಜಾಗದಲ್ಲಿ ಅಂಗಾಲು ಎಂದು ಹಾಕಿಕೊಂಡು ಓದತೊಡಗಿದೆ. "ಅಷ್ಟ ಲಗೂ ಓದಬ್ಯಾಡ, ಬಸ್ ತಪ್ಪತೈತೇನು?" ಎಂದು ಗದರಿಸಿದರು. ನಿಧಾನ ಮಾಡಿದೆ. ಪ್ರತಿ ಪ್ರಶ್ನೆಗೂ ಅವರು ಕಣ್ಣು ಮುಚ್ಚಿ ಯೋಚಿಸಿ ಉತ್ತರ ಕೊಟ್ಟರು. ರೊಟ್ಟಿ ಬಡಿಯುವಾಗ ನೆನಪಾಗುತ್ತಿತ್ತು. ಭಾಂಡಿ ತಿಕ್ಕುವಾಗಲೂ. ಬಸ್ಸಿನ ಕಿಟಕಿಯ ಪಕ್ಕ ಕೂತಾಗ?

"ಆವಾಗ ಹೆಚ್ಚಿಗಿ," ಎಂದರು. "ಇಳಿದ ಮ್ಯಾಲ ಎಷ್ಟು ದೂರ ನಡೀಬೇಕು ಅನ್ನೂದು ತಲ್ಯಾಗ. ಮುಂದ ಒಂದಿನ ಕಾಲ ಊರಾಕ ಬರಲಿಲ್ಲಂದ್ರ ಏನು ಮಾಡೂದು, ಯಾರ ಮುಂದ ಹೇಳೂದು. ಹಾಕು, 'ಯಾವಾಗಲೂ'."

ನಾನು ನಾಲ್ಕು ಹಾಕಿದೆ. ಕೊನೆಗೆ ಕೂಡಿಸಿ ನೋಡಿದರೆ ಅಷ್ಟು ದೊಡ್ಡ ಮೊತ್ತವನ್ನು ನಾನು ಬಹಳ ಜನರ ಫಾರ್ಮಿನಲ್ಲಿ ಕಂಡಿರಲಿಲ್ಲ. ಝೆರಾಕ್ಸಿಗೆ ಗಂಡಂದಿರನ್ನು ಓಡಿಸುತ್ತ, ಕೆಮ್ಮಿನಲ್ಲಿ ಭಾಷೆ ಹುಡುಕುತ್ತ ನಗುತ್ತಿದ್ದ ಹೆಂಗಸಿನ ಒಳಗೆ ಇಷ್ಟು ಇತ್ತು.

"ಪಾಸೋ ನಪಾಸೋ?" ಎಂದರು.

"ಜಾಸ್ತಿ ಬಿದ್ದಿದೆ ಮಾವಶಿ."

"ಬೀಳ್ಲಿ. ಕೇಳಾಕಾದ್ರೂ ಕೇಳಿದೆಲ್ಲ, ಯಾರೂ ಕೇಳಿದ್ದಿಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಮುಗೀತೇನು?"

"ಒಂದಿದೆ. ಇದಕ್ಕೆ ಅಂಕ ಇಲ್ಲ. ನಿಮ್ಮ ಕಾಳಜಿ ಯಾರು ತೊಗೊತಾರ?"

ಒಳಗಿನಿಂದ ಟಿವಿಯ ಗದ್ದಲ ಕೇಳುತ್ತಿತ್ತು. ಮಾವಶಿ ಒಮ್ಮೆ ಹಿತ್ತಿಲ ಬಾಗಿಲ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು. ಅವರು ನನ್ನ ಹೆಸರು ಹೇಳಲೆಂದು ಒಳಗೊಳಗೇ ಬಯಸಿದೆ. ಹಾಗೆ ಬಯಸುವ ಹಕ್ಕು ನನಗಿರಲಿಲ್ಲ, ಆದರೂ ಬಯಸಿದೆ.

"ಖಾಲಿ ಇರ್ಲಿ ಬಿಡು," ಎಂದರು. "ಯಾರರ ಬಂದ್ರ ತುಂಬೂಣು."

ಈ ಮಂಗಳವಾರ ಬೇಡ, ಮುಂದಿನ ಮಂಗಳವಾರ ಆಸ್ಪತ್ರೆಗೆ ಬನ್ನಿ, ಡಾಕ್ಟರಿಗೆ ತೋರಿಸೋಣ, ಬೆಳಿಗ್ಗೆಯಿಂದ ನಾನೇ ಜೊತೆಗಿರುತ್ತೇನೆ ಎಂದೆ. "ಖರೇನ ಇರ್ತೀಯೇನು?" ಎಂದರು. ಖರೇ ಎಂದೆ. ಹೊರಡುವಾಗ ಕೂತಲ್ಲಿಂದಲೇ, "ಕಾಳಜಿ ತೊಗೊ, ಕಾಳಜಿ ಮಾಡಬ್ಯಾಡ," ಎಂದರು.

ಸೋಮವಾರ ಮೇಡಂಗೆ ನಿಜ ಹೇಳಿದೆ. ಅವರು, "ಅವತ್ತ ಹೇಳಿದ್ರ ಆ ಮಾವಶಿ ಇವತ್ತೂ ಅಲ್ಲೇ ನಿಂತಿರ್ತಿದ್ರು," ಎಂದರು. ಮಾವಶಿಯನ್ನು ಮತ್ತೆ ಹೊರರೋಗಿ ವಿಭಾಗಕ್ಕೇ ಕರೆಸಿಕೊಳ್ಳಬೇಕೆಂದು ಕಾಗದ ಬರೆದು ಕಳಿಸಿದರು. ಕೆಲಸ ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳುವುದಿಲ್ಲವೆಂದು ಮೇಲಿನಿಂದ ಉತ್ತರ ಬಂತು.

ಮಾವಶಿಗೆ ಬನ್ನಿ ಎಂದಿದ್ದ ಮಂಗಳವಾರ ನಾನು ಬೆಳಗಾವಿಯಲ್ಲಿರಲಿಲ್ಲ. ಹೊಸ ಫಾರ್ಮಿನ ಬಗ್ಗೆ ಬೆಂಗಳೂರಿನಲ್ಲಿ ಒಂದು ಸಭೆ, ನೀವೇ ಬಂದು ಹೇಳಿದರೆ ಚೆನ್ನ ಎಂದರು, ಹೋದೆ. ಒಂದು ದಿನ ಬಿಟ್ಟು ಬನ್ನಿ ಎಂದು ಖಾನಾಪುರಕ್ಕೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಗಡಿಬಿಡಿಯಲ್ಲಿ ಮರೆತೆ ಎಂದು ಎಲ್ಲರಿಗೂ ಹೇಳಿದ್ದೇನೆ. ಮರೆತದ್ದು ಹೌದು. ಸಭೆಗೆ ಯಾವ ಸೀರೆ ಉಡಬೇಕೆಂಬುದನ್ನು ಮಾತ್ರ ಮರೆತಿರಲಿಲ್ಲ. ಮಾವಶಿ ಬಂದಿದ್ದರಂತೆ. ತಮ್ಮ ಹಳೇ ಚೌಕದ ಪಕ್ಕದ ಬೆಂಚಿನಲ್ಲಿ ಹನ್ನೆರಡರವರೆಗೆ ಕಾದು, ಆಮೇಲೆ ಒಬ್ಬರೇ ಡಾಕ್ಟರಿಗೆ ತೋರಿಸಿಕೊಂಡು, ಗುಳಿಗೆ ಬರೆಸಿಕೊಂಡು ಹೋದರಂತೆ. ಹೋಗುವಾಗ ಅಲ್ಲಿಯ ಹೊಸ ಮಾವಶಿಗೆ ಹೇಳಿದ್ದರು: "ಪ್ರಶ್ನಿ ಬಾಯಿ ಬಂದ್ರ ಹೇಳು, ಕಾಳಜಿ ಮಾಡಬ್ಯಾಡ ಅಂತ."

ಆ ವಾರ ಫೋನು ಮಾಡಿದೆ. ವೈನಿ ಎತ್ತಿ, ಉರಿ ಎಷ್ಟೋ ಕಡಿಮೆಯಾಗಿದೆ, ನದಿಗೆ ಹೋಗಿದ್ದಾಳೆ ಎಂದರು. ನನಗೆ ಸಮಾಧಾನವಾಯಿತು. ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆ. ಶ್ರಾವಣದಲ್ಲಿ ಮಾವಶಿ ತೀರಿಕೊಂಡರು, ಎದೆನೋವು ಬಂದು, ಒಂದೇ ಮುಂಜಾನೆಯಲ್ಲಿ. ಪಾದದ ಉರಿಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಹದಿಮೂರು ದಿನ ಕಳೆದಿತ್ತು.

ಹೊಸ ಫಾರ್ಮು ಈಗ ನಡೆಯುತ್ತಿದೆ. ಕೆಳಗಿನ ಗೆರೆಯ ಮೇಲೆ ಜನ ಏನೇನೋ ಬರೆಸುತ್ತಾರೆ. ಮಗಳು, ಹಿರೇ ಸೊಸಿ, ದೇವರು. ಒಬ್ಬ ಅಜ್ಜ ತನ್ನ ಎಮ್ಮೆಯ ಹೆಸರು ಬರೆಸಿದ. ಬಾಗಿಲ ಪಕ್ಕದ ಆ ಚೌಕದಲ್ಲಿ ಈಗ ಯಾರೂ ನಿಲ್ಲುವುದಿಲ್ಲ. ಅಲ್ಲೊಂದು ಕಸದ ಡಬ್ಬಿ ಬಂದಿದೆ.

ಮಾವಶಿಯ ಫಾರ್ಮು ಅಧ್ಯಯನದ ಲೆಕ್ಕಕ್ಕೆ ಬರುವುದಿಲ್ಲ, ಅವರು ಹೊಟ್ಟೆಯ ರೋಗಿಯಾಗಿರಲಿಲ್ಲ. ಅದು ಹಿಂದವಾಡಿಯ ನನ್ನ ಕೋಣೆಯ ಮೇಜಿನ ಖಾನೆಯಲ್ಲಿದೆ. ಮೂಲೆಯಲ್ಲಿ ಟಬ್ಬಿನ ನೀರು ಸಿಡಿದ ಕಲೆ ಇದೆ. ಒಮ್ಮೊಮ್ಮೆ ತೆಗೆದು ಆ ಕೊನೆಯ ಸಾಲಿನ ಮುಂದೆ ನನ್ನ ಹೆಸರು ಬರೆಯೋಣವೆಂದು ಪೆನ್ನು ಹಿಡಿಯುತ್ತೇನೆ. ಉತ್ತರ ರೋಗಿಯದೇ ಆಗಿರಬೇಕೆಂಬ ನಿಯಮ ಆಗ ನೆನಪಾಗುತ್ತದೆ. ಮಾವಶಿ ನನ್ನ ಹೆಸರು ಹೇಳಿರಲಿಲ್ಲ.